ಕಾಕಾನ ಆಲ್ಬಮ್ಮಿನಲ್ಲಿ ಉಳಿದದ್ದು

ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಮುಂದೆ ವಯಸ್ಸಾದವರೊಬ್ಬರು ಹಿಂದಹಿಂದಕ್ಕೆ ನಡೆಯುತ್ತಾ ಬಂದು ನಿಮ್ಮ ಕಾಲು ತುಳಿದರೆ, ದಯವಿಟ್ಟು ಬೈಯಬೇಡಿ. ಅವರು ನಮ್ಮ ಕಾಕಾ. ಅವರ ತಲೆ ನೆಟ್ಟಗೇ ಇದೆ. ಕೆಟ್ಟಿರುವುದು ನಮ್ಮೆಲ್ಲರದು ಎಂದು ಅವರೇ ಹೇಳುತ್ತಾರೆ!

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತರು ಸಾಮಾನ್ಯವಾಗಿ ಏನು ಮಾಡುತ್ತಾರೆ? ವಾಕಿಂಗ್ ಹೋಗುತ್ತಾರೆ, ಬಸದಿಗೆ ಹೋಗುತ್ತಾರೆ, ಸೊಸೆಯ ಅಡುಗೆಗೆ ಹೆಸರಿಡುತ್ತಾರೆ. ನಮ್ಮ ಕಾಕಾ ಊರೂರಿನ ಹಳೆಯ ಫೋಟೋ ಹುಡುಕಿ, ಅದನ್ನು ತೆಗೆದ ಜಾಗದಲ್ಲೇ ನಿಂತು ಇವತ್ತಿನ ಫೋಟೋ ತೆಗೆದು, ಎರಡನ್ನೂ ಅಕ್ಕಪಕ್ಕ ಆಲ್ಬಮ್ಮಿಗೆ ಅಂಟಿಸುತ್ತಾರೆ. ಕೇಳುವುದಕ್ಕೆ ಎಷ್ಟು ಸುಲಭ! ಆದರೆ ಆ ಜಾಗ ಈಗ ರಸ್ತೆಯ ನಟ್ಟನಡುವೆ ಇರುತ್ತದೆ, ಇಲ್ಲವೇ ಯಾರದೋ ಬಚ್ಚಲಮನೆಯೊಳಗೆ. ಕಾಕಾನನ್ನು ಸ್ಕೂಟಿಯ ಮೇಲೆ ಒಯ್ಯುವ, ಕಬ್ಬಿನ ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿಯುವ, ಬಚ್ಚಲಮನೆಯ ಯಜಮಾನರಿಗೆ ಸಮಜಾಯಿಷಿ ಕೊಡುವ ಕೆಲಸವೆಲ್ಲ ನನ್ನದು. ಕಾಲೇಜಿನಲ್ಲಿ ಪಾಠ ಹೇಳುವವಳು ನಾನು. ಮರ್ಯಾದೆ ಎಂಬುದು ನನಗೂ ಒಂದು ಕಾಲಕ್ಕೆ ಇತ್ತು.

ಅವರು ಫೋಟೋ ಸಂಪಾದಿಸುವ ಬಗೆಯನ್ನಂತೂ ಕೇಳಲೇಬೇಡಿ. ಒಮ್ಮೆ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಮನೆಗೆ ಲಗ್ನಪತ್ರಿಕೆ ಕೊಡಲು ಹೋಗಿದ್ದೆವು. ಗೋಡೆಯ ಮೇಲೆ ತೀರಿಕೊಂಡ ಅಜ್ಜನ ಫೋಟೋ, ಅದಕ್ಕೊಂದು ಗಂಧದ ಹಾರ. ಕಾಕಾ ಅದರೆದುರು ಬಹಳ ಹೊತ್ತು ನಿಂತುಬಿಟ್ಟರು. ಯಜಮಾನರ ಕಣ್ಣು ತುಂಬಿ ಬಂತು.

"ನಮ್ಮ ಅಜ್ಜಾರ ಪರಿಚಯ ಇತ್ತೇನ್ರಿ?"

"ಇಲ್ರಿ. ಅಜ್ಜಾರ ಕಿವೀ ಬಾಜೂಕ ಹಳೇ ತಂಬಾಕಿನ ವಖಾರಿ ಕಾಣಾಕತ್ತೈತಿ. ಎರಡ ದಿನಾ ಒಯ್ದ ಕೊಡ್ತೀನ್ರಿ. ಅಜ್ಜಾರು ತುಸು ಸರದ ನಿಂತಿದ್ರ ಬಾಗಲಾನೂ ಬರತಿತ್ತ ನೋಡ್ರಿ!"

"ಅಗಬಾಯಿ!" ಎಂದು ಅಡುಗೆಮನೆಯಿಂದ ಆ ಅಜ್ಜನ ಹೆಂಡತಿಯ ಕೂಗು ಕೇಳಿತು. "ನಮ್ಮ ಮಾಲಕರನ್ನ ಒಯ್ತಾನಂತಲ್ಲೋ!"

ಲಗ್ನಪತ್ರಿಕೆ ಕೊಟ್ಟೆವೋ ಇಲ್ಲವೋ ನೆನಪಿಲ್ಲ. ಅಜ್ಜ ಮಾತ್ರ ಹಾರದ ಸಮೇತ, ಕಾಕಾನ ತೊಡೆಯ ಮೇಲೆ ಕೂತು, ನನ್ನ ಸ್ಕೂಟಿಯಲ್ಲಿ ಚಿಕ್ಕೋಡಿಗೆ ಬಂದರು.

ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದವರೆಲ್ಲ "ಅಯ್ಯೋ, ಎಲ್ಲಾ ಹೋತು" ಎಂದು ನಿಟ್ಟುಸಿರು ಬಿಡುತ್ತಾರಲ್ಲ, ಆ ಉಸಿರು ಕಂಡರೆ ಕಾಕಾನಿಗೆ ಆಗದು. "ಹೋಗಿದ್ದ ಎಲ್ಲಾರಿಗೂ ಕಾಣತೈತಿ. ಉಳದದ್ದ ಹುಡಕ!" ಎಂದು ಗದರುತ್ತಾರೆ. ಪ್ರತಿ ಜೋಡಿಯ ಕೆಳಗೆ 'ಉಳಿದದ್ದು' ಎಂದು ಬರೆದು ಮುಂದೆ ಜಾಗ ಬಿಡುತ್ತಾರೆ. ಅಲ್ಲಿ ಬರೆಯಲು ಏನಾದರೊಂದು ಸಿಗಲೇಬೇಕು, ಇಲ್ಲದಿದ್ದರೆ ಆ ಜೋಡಿಗೆ ಆಲ್ಬಮ್ಮಿನಲ್ಲಿ ಪ್ರವೇಶವಿಲ್ಲ. ಅಥಣಿಯ ಚಪ್ಪಲಿ ಓಣಿಯಲ್ಲಿ ಗೋಡೆ, ಬಾಗಿಲು, ಮೆಟ್ಟಿಲು ಎಲ್ಲವೂ ಹೊಸದಾಗಿದ್ದವು. ಕಾಕಾ ಮೊಣಕಾಲೂರಿ ಕಟ್ಟೆಯ ಬುಡ ತಡಕುತ್ತಿದ್ದರೆ, ಪಾಪ, ಅಂಗಡಿಯವರು "ಯಾವ ಕಾಲಿಂದು ಕಳದೈತ್ರಿ, ಎಡದ್ದೋ ಬಲದ್ದೋ?" ಎಂದು ಕೇಳಿದರು. ಎರಡು ತಾಸಿನ ಮೇಲೆ ಕುದುರೆ ಕಟ್ಟುವ ಒಂದು ಕಬ್ಬಿಣದ ಬಳೆ ಸಿಕ್ಕಿತು. ಕಾಕಾ ಓಣಿಗೆಲ್ಲ ಪೇಢೆ ಹಂಚಿದರು! ನಿಪ್ಪಾಣಿಯ ಆ ತಂಬಾಕು ಗೋದಾಮಿನ ಜೋಡಿಯ ಕೆಳಗಂತೂ 'ಉಳಿದದ್ದು: ಘಾಟು' ಎಂದು ಬರೆದಿದ್ದಾರೆ.

"ಫೋಟೋದಾಗ ಘಾಟ ಎಲ್ಲಿ ಕಾಣತೈತ್ರಿ ಕಾಕಾ?"

"ನೀ ಮೂಗ ಹಚ್ಚಿ ನೋಡಿಲ್ಲ!"

ಇಷ್ಟಕ್ಕೇ ಮುಗಿಯಲಿಲ್ಲ. ಹೊಸ ಫೋಟೋದಲ್ಲಿ ನೆರಳೂ ಹಳೆಯದರಂತೆಯೇ ಬೀಳಬೇಕು, ಜನರೂ ಹಾಗೆಯೇ ನಿಂತಿರಬೇಕು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಳೆಯ ಫೋಟೋದಲ್ಲಿ ಕೊಡೆ ಹಿಡಿದ ಹೆಂಗಸೊಬ್ಬಳಿದ್ದಾಳೆ. ಅವಳ ಕರ್ಮಕ್ಕೆ, ಒಂದು ಉರಿಬಿಸಿಲಿನ ದಿನ ಗಂಡಸರ ಕರೀ ಕೊಡೆ ಹಿಡಿದು ನಾನು ಮುಕ್ಕಾಲು ತಾಸು ನಿಂತೆ. ಅಷ್ಟರಲ್ಲಿ ಕರೋಶಿಯ ಬಸ್ಸಿನಿಂದ ನನ್ನ ವಿದ್ಯಾರ್ಥಿಗಳು ಇಳಿಯಬೇಕೆ!

"ಮೇಡಮ್ಮಾರ, ಯಾರ್ನ ಕಾಯಾಕತ್ತೀರಿ?"

"ನೆರಳನ್ನ" ಎಂದೆ. ಮರುದಿನ ಕ್ಲಾಸು ಎಂದಿಲ್ಲದಷ್ಟು ಶಾಂತವಾಗಿತ್ತು.

ಇಂಥ ಕಾಕಾ ಒಂದು ಫೋಟೋವನ್ನು ಮಾತ್ರ ಕಪಾಟಿನಿಂದ ಹೊರಗೆ ತೆಗೆದಿರಲಿಲ್ಲ. ಅದು ರಾಯಬಾಗ ರೈಲ್ವೆ ಸ್ಟೇಶನ್ನಿನದು. ಊರ ಹೆಸರಿನ ಬೋರ್ಡಿನ ಕೆಳಗೆ ಇಬ್ಬರು ತರುಣರು ಒಂದೇ ಸೈಕಲ್ಲಿಗೆ ಆತು ನಿಂತಿದ್ದಾರೆ. ಒಬ್ಬರು ಕಾಕಾ. ಇನ್ನೊಬ್ಬರು ಐನಾಪುರದ ದ್ರಾಕ್ಷಿ ತೋಟದವರು, ಕಾಕಾನ ಜೀವದ ಗೆಳೆಯರು, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದಾರೆ. ಕ್ಯಾಮೆರಾ ಎದುರಾದರೆ ಅವರ ರೆಪ್ಪೆ ತಾನಾಗಿ ಇಳಿಯುತ್ತಿತ್ತಂತೆ. ಕಾಕಾನ ಮಗಳ ಮದುವೆಯಲ್ಲಿ ಈ ಗೆಳೆಯರು ವೇದಿಕೆ ಹತ್ತುತ್ತಿದ್ದಾಗ, ಕಾಕಾ ಬೀಗರೆಲ್ಲರ ಎದುರಿಗೆ "ನೀ ಬಾಜೂಕ ಸರೀಪಾ, ಕಣ್ಣ ಮುಚ್ಚಿ ಫೋಟೋ ಕೆಡಸ್ತಿ" ಎಂದುಬಿಟ್ಟರು. ಗೆಳೆಯರು ಸರಿದರು. ಊಟವನ್ನೂ ಮಾಡದೆ ಐನಾಪುರಕ್ಕೇ ಸರಿದುಹೋದರು. ಹನ್ನೊಂದು ವರ್ಷ ಇಬ್ಬರಿಗೂ ಮಾತಿಲ್ಲ. ಕ್ಷಮೆ ಕೇಳು ಎಂದು ಮನೆಯವರೆಲ್ಲ ಹೇಳಿ ದಣಿದರು. ಗೋಡೆಗಳ ಮುಂದೆ ಮೊಣಕಾಲೂರುವ ಕಾಕಾ ಮನುಷ್ಯನ ಮುಂದೆ ತಲೆ ತಗ್ಗಿಸಲಾರದೆ ಹೋದರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕಾಕಾ ತಾವಾಗಿಯೇ ಆ ಫೋಟೋ ತೆಗೆದರು.

"ಆಲ್ಬಮ್ಮಿನಾಗ ಒಂದ ಪುಟ ಖಾಲಿ ಐತಿ. ರಾಯಬಾಗಕ್ಕ ಹೋಗೂಣು. ಅವನ ಜಾಗಾದಾಗ ನೀ ನಿಂದ್ರ."

"ಅವರಿಗೆ ಮೀಸಿ ಐತಲ್ರಿ!"

"ಕಾಡಿಗಿ ಹಚ್ಚಕೋ."

ಕಾಡಿಗೆಯ ಮೀಸೆ! ಇನ್ನು ತಡೆಯಲಾಗಲಿಲ್ಲ. ಕಾಕಾನಿಗೆ ಹೇಳದೆ ನೇರ ಐನಾಪುರಕ್ಕೆ ಹೋದೆ. ಗೆಳೆಯರು ಬಳ್ಳಿ ಕಟ್ಟುತ್ತಿದ್ದರು. ಫೋಟೋದ ಮಾತು ತಿಳಿಸಿ, ರಾಯಬಾಗ ಸ್ಟೇಶನ್ನಿಗೆ ಬರಬೇಕೆಂದು ಕೇಳಿದೆ.

"ಅಂವಾ ಹೇಳಿ ಕಳಸ್ಯಾನೇನು?"

"ಹೌದ್ರಿ" ಎಂದೆ.

"ಸುಳ್ಳ. ಅಂವಾ ಹೇಳಾಂವಲ್ಲ." ಮತ್ತೆರಡು ಗಂಟು ಹಾಕಿದ ಮೇಲೆ ಕೇಳಿದರು, "ಎಷ್ಟಕ್ಕ?"

"ನಾಳೆ ಸಂಜೀ ಐದಕ್ರಿ. ನೆರಳ ಅವಾಗ ಬರತೈತಂತ."

ಅವರು ಮುಂದಿನ ಬಳ್ಳಿಗೆ ಸರಿದರು.

ಸ್ಟೇಶನ್ನಿನಲ್ಲಿ ಕಾಕಾ ಹಳೆಯ ಫೋಟೋ ಹಿಡಿದು ಸುತ್ತಿದ್ದೇ ಸುತ್ತಿದ್ದು. ಬೋರ್ಡು ಹೊಸದು, ಪ್ಲಾಟ್‌ಫಾರ್ಮು ಹೊಸದು, ಹಿಂದಿದ್ದ ಗಿಡವೂ ಇಲ್ಲ. ಕೊನೆಗೆ ಬೆಂಚಿನ ಮೇಲೆ ಕುಸಿದು ಕೂತು, "ಎಲ್ಲಾ ಹೋತಲ್ಲ" ಎಂದರು. ಆ ನಿಟ್ಟುಸಿರನ್ನು ಕಾಕಾನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅವರು ಹೇಳುತ್ತಿದ್ದುದು ಬೋರ್ಡಿನ ಮಾತಲ್ಲ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಗೆಳೆಯರು ಬಂದರು. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಕಾಕಾನ ಮುಖ ನೋಡದೆ ಅದನ್ನು ಬೆಂಚಿನ ಮೇಲಿಟ್ಟರು.

"ಹೊತ್ತ ಮುಳಗಿದ ಮ್ಯಾಲ ನೀವು ಜೈನರು ಉಣ್ಣಂಗಿಲ್ಲ. ನೆರಳ ಕಾಯಕೋತ ಉಪಾಸ ಬೀಳ್ತಿ ಅಂತ ತಂದೀನಿ. ಉಳ್ಳಾಗಡ್ಡಿ ಹಾಕಿಲ್ಲ."

ಕಾಕಾ ಡಬ್ಬಿಯ ಮುಚ್ಚಳ ತೆಗೆದು ಗೆಳೆಯರ ಮುಂದಿಟ್ಟರು. ಆಮೇಲೆ ತಲೆ ತಗ್ಗಿಸಿ ಹೇಳಿದರು, "ಅವತ್ತ ನನ್ನ ಮನ್ಯಾಗ ನೀ ಉಣ್ಣದ ಹೋದಿ. ನಂದ ತಪ್ಪಾತು. ಮೊದಲ ನೀ ಉಣ್ಣ."

ಇಬ್ಬರೂ ಒಂದೇ ಮುಚ್ಚಳದಲ್ಲಿ ಉಂಡರು. ಅತ್ತ ನೆರಳು ಫೋಟೋದ ಗೆರೆ ದಾಟಿ ಹೋಗುತ್ತಿತ್ತು. ಕಾಕಾ ತಿರುಗಿಯೂ ನೋಡಲಿಲ್ಲ!

ಊಟವಾದ ಮೇಲೆ ಇಬ್ಬರನ್ನೂ ಬೋರ್ಡಿನ ಕೆಳಗೆ ನಿಲ್ಲಿಸಿದೆ. ಗೆಳೆಯರು ಒಂದು ಮಾರು ದೂರ ನಿಂತಿದ್ದರು. "ಈ ಕಡಿ ಸರೀಪಾ" ಎಂದು ಕಾಕಾ ತೋಳು ಹಿಡಿದು ಎಳೆದುಕೊಂಡರು. ನಾನು ಕ್ಯಾಮೆರಾ ಒತ್ತಿದೆ. ನೋಡಿದರೆ ಗೆಳೆಯರ ಕಣ್ಣು ಮುಚ್ಚಿದ್ದವು, ಹಳೆಯ ಫೋಟೋದಲ್ಲಿದ್ದಷ್ಟೇ ಗಟ್ಟಿಯಾಗಿ.

"ಇನ್ನೊಂದ ತಗೀತೀನ್ರಿ" ಎಂದೆ.

"ಬ್ಯಾಡ!" ಕಾಕಾ ಫೋಟೋ ನೋಡಿ, ಚೀಲದಿಂದ ಆಲ್ಬಮ್ ತೆಗೆದು, ಖಾಲಿ ಪುಟದ ಕೆಳಗೆ ಬರೆದರು: 'ಉಳಿದದ್ದು: ಇವನು.'

ಗೆಳೆಯರು ಕನ್ನಡಕ ಏರಿಸಿಕೊಂಡು ಓದಿದರು. "ಹೆಸರ ಬರದಿದ್ರ ಕೈ ಮುರೀತಿತ್ತೇನಲೇ ಮಾಸ್ತರಾ?"

ಕಾಕಾ ಪೆನ್ನನ್ನು ಅವರ ಕೈಗೇ ಕೊಟ್ಟರು. ನಾನು ಹಳೆಯ ಗಿಡ ಎಲ್ಲಿತ್ತೆಂದು ಹುಡುಕುವವಳಂತೆ ಆಚೆ ತಿರುಗಿ, ಸೆರಗಿನಿಂದ ಕಣ್ಣು ಒರೆಸಿಕೊಂಡೆ.