ಲೂಯಿವಿಲ್ ಗೌಡರ ದೊಣ್ಣೆ

ನಮ್ಮ ಮಾಮಾ ಅಮೆರಿಕದ ಲೂಯಿವಿಲ್ ಪಟ್ಟಣದವರು. ಹುಟ್ಟಿದ್ದು, ಬೆಳೆದದ್ದು, ನಿಂಬೆ ತೋಟ ಮಾಡಿದ್ದು ಮಾತ್ರ ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ! ಸೊಲ್ಲಾಪುರ ದಾಟಿ ಒಂದು ಹೆಜ್ಜೆ ಮುಂದೆ ಹೋದವರಲ್ಲ. ಆದರೂ ಅವರು ‘ನಮ್ಮ ಹೊಳಿ’ ಎಂದರೆ, ಊರ ಮಗ್ಗುಲಿನ ಭೀಮೆಯೋ ಲೂಯಿವಿಲ್ ದಂಡೆಯ ಓಹಾಯೋ ನದಿಯೋ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಅವರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಅಲ್ಲಿಯ ಮತದಾರರ ಪಟ್ಟಿಯಲ್ಲಿ ಹುಡುಕಿಬಿಟ್ಟೀರಿ.

ಒಮ್ಮೆ ಹೆದ್ದಾರಿ ಬದಿಯ ಝಳಕಿಯ ಚಹಾದಂಗಡಿಯಲ್ಲಿ ಕೂತು ಆ ಪಟ್ಟಣದ ಇತಿಹಾಸ ಬಿಚ್ಚಿದರು.

“ಅಲ್ಲಿ ಹೊಳಿ ಬಂಡಿಗಲ್ಲಿನ ಮ್ಯಾಲ ಧುಮುಕ್ತಿತ್ತು. ದೋಣಿ ಮುಂದ ಹೋಗಾಕ ಬರ್ತಿದ್ದಿಲ್ಲ. ಸಾಮಾನು ಇಳಸಬೇಕು, ಹೊರಬೇಕು, ಆ ಕಡಿ ಮತ್ತ ಏರಸಬೇಕು. ಹೊತ್ತವರಿಗೆ ಹಸಿವಾತು, ಖಾನಾವಳಿ ಬಂತು. ನಿದ್ದಿ ಬಂತು, ವಸ್ತಿ ಮಾಡಿದ್ರು. ಊರಾತು. ನಿಮ್ಮ ಝಳಕಿ ಇನ್ನೇನ್ರಿ? ಲಾರಿ ನಿಂತಲ್ಲಿ ಊರು.”

ಅಂಗಡಿಯವರು ಮರುದಿನವೇ ಎರಡು ಹೊಸ ಬೆಂಚು ಹಾಕಿಸಿದರು. ಝಳಕಿ ಇನ್ನೂ ಲೂಯಿವಿಲ್ ಆಗಿಲ್ಲ, ಬೆಂಚುಗಳು ಮಾತ್ರ ಖಾಲಿ ಇರುವುದಿಲ್ಲ.

ಲೂಯಿವಿಲ್‌ನಲ್ಲಿ ವರ್ಷಕ್ಕೊಮ್ಮೆ ದೊಡ್ಡ ಕುದುರೆ ಓಟವಂತೆ. ನೋಡಲು ಬರುವ ಹೆಂಗಸರು ಮೊರದಗಲದ ಟೋಪಿ ಹಾಕಿಕೊಳ್ಳುತ್ತಾರಂತೆ. ಈ ವೈಭವವನ್ನು ಮಾಮಾ ಯಾರಿಗೆ ವರ್ಣಿಸಬೇಕು? ನಿಂಬೆಹಣ್ಣಿನ ಬುಟ್ಟಿ ಹೊತ್ತು ಆಗಷ್ಟೇ ತೋಟದಿಂದ ಬಂದ ಮಾಮಿಗೆ!

ಮಾಮಿ ಬುಟ್ಟಿ ಇಳಿಸದೆಯೇ ಹೇಳಿದರು: “ಮೂವತ್ತು ವರ್ಷದಿಂದ ಅದಕ್ಕಿಂತ ದೊಡ್ಡದು ತಲಿ ಮ್ಯಾಲ ಹೊತ್ತೇನಿ. ನನ್ನ ನೋಡಾಕ ಒಂದು ಕುದುರಿನೂ ಬರಲಿಲ್ಲ.”

ಮಾಮಾನ ಈ ವಿದ್ವತ್ತೆಲ್ಲ ಒಂದೇ ಒಂದು ಪುಸ್ತಕದ್ದು. ನಿಂಬೆಹಣ್ಣು ಮಾರಲು ಸೊಲ್ಲಾಪುರಕ್ಕೆ ಹೋದಾಗ ರಸ್ತೆ ಬದಿಯಲ್ಲಿ ಸಿಕ್ಕಿತ್ತು. ಮುಖಪುಟದ ನದಿ ಭೀಮೆಯ ಹಾಗೆ ಕಂಡಿತೆಂದು ಕೊಂಡರು. ಒಳಗೆ ಬರೀ ಇಂಗ್ಲಿಷ್! ಅವರಿಗೆ ಓದಲು ಬರುವುದು ಕನ್ನಡವೊಂದೇ. ಹೀಗಾಗಿ ಎಂಟನೆಯ ತರಗತಿಯಲ್ಲಿದ್ದ ನಾನು, ಅವರ ಅಕ್ಕನ ಮಗಳು, ಓದಿ ಹೇಳುವ ಕೆಲಸಕ್ಕೆ ನೇಮಕವಾದೆ. ರವಿವಾರಕ್ಕೆ ಒಂದೇ ಪುಟ. ಎರಡನೆಯದಕ್ಕೆ ಕೈ ಹಾಕಿದರೆ ಪುಸ್ತಕ ಕಸಿದುಕೊಂಡು ಕಪಾಟಿಗೆ ಇಡುತ್ತಿದ್ದರು.

ನನ್ನ ಇಂಗ್ಲಿಷೋ, ದೇವರಿಗೇ ಪ್ರೀತಿ. ಗೊತ್ತಿಲ್ಲ ಎಂದರೆ ಮಾನ ಹೋಗುತ್ತದಲ್ಲ? ಕಟ್ಟಿ ಹೇಳುತ್ತಿದ್ದೆ. ಒಂದು ಪುಟದಲ್ಲಿ ಐದಂತಸ್ತಿನ ಕಟ್ಟಡಕ್ಕೆ ಒರಗಿಸಿದ, ಕಟ್ಟಡಕ್ಕಿಂತ ಎತ್ತರದ ದೊಣ್ಣೆಯ ಚಿತ್ರವಿತ್ತು. ಬೇಸ್‌ಬಾಲ್ ಎಂಬ ಅಲ್ಲಿಯ ಚೆಂಡಾಟದ ದುಂಡನೆಯ ಬ್ಯಾಟು ಅದು, ಆ ಪಟ್ಟಣ ಅಂಥ ಬ್ಯಾಟುಗಳಿಗೆ ಹೆಸರಾದದ್ದು ಎಂದು ನನಗೆ ಆಗ ಹೇಗೆ ಗೊತ್ತಾಗಬೇಕು?

“ಇದು ಆ ಊರ ಗೌಡರ ದೊಣ್ಣಿ, ಮಾಮಾ. ಜಗಳಾಡವರಿಗೆ ಕಾಣ್ಲಿ ಅಂತ ಇಟ್ಟಾರ” ಎಂದುಬಿಟ್ಟೆ.

ಅಂದಿನಿಂದ ಅಗರಖೇಡದಲ್ಲಿ ಯಾರ ಹೊಲದ ಬದುವಿನ ಜಗಳವಾದರೂ ಮಾಮಾ ನಡುವೆ ನಿಂತು ಲೂಯಿವಿಲ್ ಗೌಡರ ದೊಣ್ಣೆಯ ಕಥೆ ಹೇಳುತ್ತಾರೆ. ಕೇಳಿ ಕೇಳಿ ಬೇಸತ್ತವರು ರಾಜಿಯಾಗಿ ಮನೆಗೆ ಹೋಗುತ್ತಾರೆ.

ಈಗ ನಾನು ಸಿಂದಗಿಯ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮೊನ್ನೆ ಅಲ್ಲಿಗೆ ಹೊಸದಾಗಿ ಕಣ್ಣಿನ ಡಾಕ್ಟರಬಾಯಿಯೊಬ್ಬರು ಬಂದರು. ಎರಡು ವರ್ಷ ಓದಿ ಬಂದದ್ದು ಎಲ್ಲಿ ಅಂತೀರಿ? ಲೂಯಿವಿಲ್‌ನಲ್ಲಿ! ನಾನು ಬಾಯಿ ತಪ್ಪಿ ಹೇಳಿದೆ, ಮಾಮಾ ಮರುದಿನವೇ ಅವರನ್ನು ಊಟಕ್ಕೆ ಕರೆದರು. ಜೊತೆಗೆ ಅರ್ಧ ಓಣಿಯನ್ನೂ ಕರೆದರು.

ನನಗೆ ಅನ್ನ ಸೇರಲಿಲ್ಲ. ಮಾಮಾ ಇಪ್ಪತ್ತು ವರ್ಷ ಸಂಪಾದಿಸಿದ ಮರ್ಯಾದೆ ನನ್ನ ಒಂದು ಸುಳ್ಳಿನಿಂದ, ಊರವರ ಎದುರಿಗೇ ಮಣ್ಣುಪಾಲಾಗುತ್ತದಲ್ಲ! ಡಾಕ್ಟರಬಾಯಿ ಬರುವ ಮೊದಲೇ ಅಡುಗೆಮನೆಯಲ್ಲಿ ನಿಂಬೆಹಣ್ಣು ಕೊಯ್ಯುತ್ತಿದ್ದ ಮಾಮಾನ ಹತ್ತಿರ ಹೋದೆ.

“ಮಾಮಾ, ಆ ದೊಣ್ಣಿ ಗೌಡರದಲ್ಲ. ನಾನಽ ಕಟ್ಟಿ ಹೇಳಿದ್ದು.”

“ಗೊತ್ತೈತಿ,” ಎಂದರು ತಲೆ ಎತ್ತದೆ. “ಅದಽ ಪುಟ ಎರಡನೇ ಸಲ ಓದಿಸಿದಾಗ ಒನಕಿ ಅಂದಿದ್ದಿ.”

“ಗೊತ್ತಿದ್ದೂ ಯಾಕ ಸುಮ್ಮನಿದ್ರಿ?”

“ಆ ವರ್ಷ ನಿಮ್ಮ ಅಬ್ಬಾ ನಿನ್ನ ಸಾಲಿ ಬಿಡಸವರಿದ್ರು. ‘ನನ್ನ ಪುಸ್ತಕ ಮುಗಿಯೂತನ ಕಲೀಲಿ’ ಅಂತ ಕೈ ಹಿಡಕೊಂಡು ಕೇಳಿದ್ದೆ. ಹೂಂ ಅಂದ್ರು. ಮತ್ತ, ಆ ಪುಸ್ತಕ ಮುಗಿಯಾಕ ಬಿಡತೇನೇನು ನಾ?”

ವಾರಕ್ಕೆ ಒಂದೇ ಪುಟ ಏಕೆಂದು ಇಪ್ಪತ್ತು ವರ್ಷದ ಮೇಲೆ ತಿಳಿಯಿತು. ಅಷ್ಟರಲ್ಲಿ ಡಾಕ್ಟರಬಾಯಿ ಬಂದರು. ಸಜ್ಜೆ ರೊಟ್ಟಿ, ಕೋಳಿ ಸಾರಿನ ಊಟ ಮುಗಿಯಿತು. ಮಾಮಾ ಪುಸ್ತಕ ತಂದು, ಎಲ್ಲರ ಎದುರು ನನ್ನ ಕೈಗಿಟ್ಟರು.

“ನಮ್ಮ ಬೇಟಿ ಓದ್ತಾಳ, ಕೇಳ್ರಿ.”

ದೊಣ್ಣೆಯ ಪುಟವೇ ತೆರೆಯಿತು. ಈಗ ಅಲ್ಲಿಯ ಒಂದೊಂದು ಶಬ್ದವೂ ನನಗೆ ಬರುತ್ತದೆ.

“ಇದು ಆ ಊರ ಗೌಡರ ದೊಣ್ಣಿ” ಎಂದು ಓದಿದೆ.

ಡಾಕ್ಟರಬಾಯಿ ಚಿತ್ರ ನೋಡಿದರು, ಮಾಮಾನ ಮುಖ ನೋಡಿದರು. “ಹೌದ್ರಿ, ನಾನೂ ನೋಡೇನಿ,” ಎಂದರು.

ಮಾಮಾ ಮುಂದೆ ಓದು ಎಂದು ಸನ್ನೆ ಮಾಡಿದರು. ಕಣ್ಣು ತುಂಬಿ ಬಂದು ನನಗೆ ಮುಂದಿನ ಸಾಲು ಕಾಣಿಸಲಿಲ್ಲ.