ಹೆಬ್ಬೆಟ್ಟಿನ ವ್ಯಾಪಾರ

ನನ್ನ ಗಂಡನ ಮೇಲೆ ನನಗೆ ಕೆಂಡದಂಥ ಕೋಪ. ಅವರು ಸತ್ತು ಐದು ತಿಂಗಳಾಯಿತು. ಕೋಪ ಮಾತ್ರ ಸತ್ತಿಲ್ಲ.

ಅವರು ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನೆ ಕೂತರೆ ಗಿರಾಕಿಯೇ ತಡೆಯಲಾರದೆ ಕೂಲಿ ಏರಿಸುತ್ತಿದ್ದ. ನಾನು ಹಾಗಲ್ಲ. ಚೌಕಾಸಿಗೆ ನಿಂತರೆ ಮೂರನೇ ಬೀದಿಯ ನಾಯಿಯೂ ಎದ್ದು ಕೂರುತ್ತದೆ.

ಅವರ ಹೊಲಿಗೆ ಮೆಷಿನ್ ಮಾರಲು ಹೊರಟೆ. ಅದನ್ನು ನೋಡಿದರೆ ಅಳು ಬರುತ್ತದೆ, ಅತ್ತರೆ ಅಡುಗೆ ಸೀಯುತ್ತದೆ. ಮಗಳು ಫೋನಿನಲ್ಲಿ ಫೋಟೋ ಹಾಕಿದಳು.

"ಅಮ್ಮಾ, ಇಲ್ಲಿ ಕೂಗಾಡೋಕಾಗಲ್ಲ. ಬರೀಬೇಕು."

"ಬರೀತೀನಿ. ಆದ್ರೆ ಕತ್ತರಿ ಮಾತ್ರ ಕೊಡಲ್ಲ."

ಆ ಕತ್ತರಿಯ ಹಿಡಿ ಅವರ ಹೆಬ್ಬೆಟ್ಟಿನ ಅಳತೆಗೇ ಸವೆದಿದೆ.

ಯಾರೋ ಟೈಲರಮ್ಮ ರೇಟು ಕೇಳಿದಳು. ಹೇಳಿದೆ. ಓದಿದಳು (ನೀಲಿ ಗೀಟು ಬಿತ್ತು), ಉತ್ತರವಿಲ್ಲ. ಎದುರಿಗಿದ್ದಿದ್ದರೆ ಬಾಯಿಗೇನು ಬೀಗ ಜಡಿದಿದೀಯಾ ಎಂದು ಕೇಳುತ್ತಿದ್ದೆ. ಅರ್ಧ ಗಂಟೆ ಕಾದು, "ಜಾಸ್ತಿ ಆಯ್ತಾ?" ಎಂದು ನಾನೇ ಬರೆದೆ. ಮೌನ. ಇಳಿಸಿದೆ. ಮೌನ. ಸ್ಟೂಲು ಸೇರಿಸಿದೆ. ಎಣ್ಣೆ ಡಬ್ಬಿ, ದಾರದ ಉಂಡೆ, ಇಸ್ತ್ರಿಪೆಟ್ಟಿಗೆ ಸೇರಿಸಿದೆ. ಆ ಮಹಾತಾಯಿ ಒಂದಕ್ಷರ ಉದುರಿಸುವಷ್ಟರಲ್ಲಿ ಅರ್ಧ ಮನೆ ಅವಳದಾಗಿತ್ತು.

ಕೊನೆಗೆ ಬರೆದಳು: "ಫೋಟೋದಲ್ಲಿರೋ ಕತ್ತರಿನೂ ಸೇರಿನಾ?"

ಮೈ ಉರಿಯಿತು. ಬೈಗುಳ ಬರೆಯುವಷ್ಟು ನಾನು ಓದಿಲ್ಲ. ಚಿಕ್ಕಂದಿನಲ್ಲಿ 'ನಿಂಗೇನೂ ಇಲ್ಲ' ಎಂದು ಹೆಬ್ಬೆಟ್ಟು ಕುಣಿಸಿ ಅಣಕಿಸುತ್ತಿದ್ದೆವು. ಫೋನಿನಲ್ಲೂ ಆ ಹೆಬ್ಬೆಟ್ಟಿನ ಚಿತ್ರ ಸಿಕ್ಕಿತು. ಒಂದಲ್ಲ, ಆರು ಒತ್ತಿದೆ.

ಮರುದಿನ ಗಾಡಿ ತಂದಳು. ಎಲ್ಲ ಏರಿಸಿ ಕತ್ತರಿಗೆ ಕೈ ಹಾಕಿದಳು.

"ಏಯ್, ಅದು ಕೊಡಲ್ಲ ಅಂದ್ನಲ್ಲ!"

"ಒಪ್ಪಿದ್ರಲ್ಲಮ್ಮ. ಆರು ಸಲ ಹೆಬ್ಬೆಟ್ಟು ಒತ್ತಿದೀರಿ."

ಮಗಳು ಹಣೆ ಚಚ್ಚಿಕೊಂಡಳು. "ಅಯ್ಯೋ ಅಮ್ಮಾ, ಅದಕ್ಕೆ ಸರಿ ಅಂತ ಅರ್ಥ ಕಣೇ!"

"ಯಾವ ಮುಠ್ಠಾಳ ಮಾಡಿದ್ದು ಆ ಅರ್ಥಾನ?"

ಕೂಗಾಡಿದೆ. ಬೀದಿ ನಾಯಿಗಳೆಲ್ಲ ಎದ್ದವು. ಅವಳು ತುಟಿ ಬಿಚ್ಚಲಿಲ್ಲ. ಕತ್ತರಿಯ ಹಿಡಿಯೊಳಗೆ ಹೆಬ್ಬೆಟ್ಟು ತೂರಿಸಿ, ಅದು ಸಡಿಲವೆಂದು ಕಂಡು, ಹಾಗೇ ನನ್ನ ಮುಖ ನೋಡುತ್ತ ನಿಂತಳು.

ಗೋಡೆಯ ಫೋಟೋ ಕಡೆ ತಿರುಗಿದೆ. "ರೀ, ನೀವಾದ್ರೂ ಏನಾದ್ರೂ ಹೇಳಬಾರದಾ?"

ಅವರೂ ಸುಮ್ಮನೆ. ನಲವತ್ತು ವರ್ಷ ಒಂದು ಮೌನಕ್ಕೇ ಸೋತವಳು, ಎರಡನ್ನು ಹೇಗೆ ತಡೆಯಲಿ?

"ತಗೊಂಡು ಹಾಳಾಗಿ ಹೋಗು!" ಎಂದು ಕಿರುಚಿದೆ.

ಆಗಲೂ ಅವಳು ಮಾತಾಡಲಿಲ್ಲ. ಅಳತೆಯ ಟೇಪನ್ನೂ ಕೊಟ್ಟೆ.