ಮಾವನ ‘ಕೊಟ್ಟು’

ಮನುಷ್ಯನಿಗೆ ಪದವಿ ಮುಖ್ಯವಲ್ಲ, ಸೇವೆ ಮುಖ್ಯ. ಈ ಮಾತನ್ನು ನಾನು ಕೇಳಿದ್ದೆಲ್ಲ ಪದವಿಯ ಕುರ್ಚಿಯಲ್ಲಿ ಕೂತವರ ಬಾಯಲ್ಲಿ! ನಮ್ಮ ಸೋದರಮಾವ ಮಾತ್ರ ಪದವಿ ಬೇಕೆಂದು ಬಾಯಿಬಿಟ್ಟು ಹೇಳುತ್ತಿದ್ದರು. ಅದೂ ಸಣ್ಣ ಪದವಿಯಲ್ಲ. ಅವರು ಭಾರತದ ಮಹಿಳಾ ಫುಟ್‌ಬಾಲ್ ತಂಡದ ಕೋಚ್ ಆಗಬೇಕಿತ್ತು. ಮನಸ್ಸಿನಲ್ಲಿ ಆಗಲೇ ಆಗಿದ್ದರು. ಭಾರತಕ್ಕೆ ತಿಳಿಸುವುದೊಂದೇ ಬಾಕಿ.

ಎಪ್ಪತ್ತರ ದಶಕದ ಕೊನೆಯ ಮಾತು. ಮಾವ ಬಳ್ಳಾರಿ ಕಂಟೋನ್ಮೆಂಟಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರು. ಕಂಕುಳಲ್ಲಿ ಚೆಂಡಿಟ್ಟುಕೊಂಡು ಬಸ್ಸು ಹತ್ತಿ, ಸಿರುಗುಪ್ಪ, ಕುರುಗೋಡು ಸುತ್ತಿ ಆಟಗಾರ್ತಿಯರನ್ನು ಹುಡುಕುತ್ತಿದ್ದರು. ನೋಡಿದವರಿಗೆ ಕನ್ಯೆ ನೋಡಲು ಬಂದಂತೆಯೇ ಕಾಣುತ್ತಿತ್ತು. ಹಾಡು ಬರುತ್ತದೆಯೇ ಎನ್ನುವ ಬದಲು ಓಡಲು ಬರುತ್ತದೆಯೇ ಎಂದು ಕೇಳುತ್ತಿದ್ದರು, ಅಷ್ಟೇ ವ್ಯತ್ಯಾಸ!

ಕುರುಗೋಡಿನ ಈರಮ್ಮನ ತಂದೆ ಸುಲಭಕ್ಕೆ ಬಗ್ಗಲಿಲ್ಲ.

“ಮಾಸ್ತರ್ರೀ, ಚಡ್ಡಿ ಹಾಕ್ಕೊಂಡು ಚೆಂಡು ಒದ್ಯಾಕ ಕಳಿಸಿದ್ರ, ನಾಳೆ ಇಕಿನ್ನ ಯಾರು ಮದಿವಿ ಆಗ್ತಾರ್ರೀ?”

“ಒದ್ಯಾಕ ಬರೋ ಹೆಂಡ್ತಿ ಇದ್ರ ಗಂಡ ತೆಪ್ಪಗ ಇರ್ತಾನ, ಗೌಡ್ರ. ಮನಿ ಶಾಂತ ಇರ್ತೈತಿ.”

ಗೌಡರು ಯೋಚನೆಗೆ ಬಿದ್ದರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಕರಕೊಂಡು ಹೋಗ್ರಿ ಮಾಸ್ತರ್ರೀ! ಜಾಗ ಇದ್ರ ನಾನೂ ಬರ್ತೀನಿ!”

ಮಾವ ಮದರಾಸು ಪ್ರಾಂತ್ಯದ ಕಾಲದಲ್ಲಿ ಆಟ ಕಲಿತವರು. ಮನೆಯಲ್ಲಿ ಕನ್ನಡ, ಮೈದಾನದಲ್ಲಿ ತೆಲುಗು, ಬೈಗುಳಕ್ಕೆ ಉರ್ದು. ಚೆಂಡು ಗೋಲಿನ ಹತ್ತಿರ ಬಂತೋ, ಮೈಮರೆತು “ಕೊಟ್ಟು!” ಎಂದು ಕೂಗುತ್ತಿದ್ದರು. ತೆಲುಗಿನಲ್ಲಿ ‘ಕೊಟ್ಟು’ ಎಂದರೆ ಹೊಡೆ. ಸಿರುಗುಪ್ಪದ ಹುಡುಗಿಯರಿಗೆ ತೆಲುಗು ಬರುತ್ತಿತ್ತು, ಹೊಡೆಯುತ್ತಿದ್ದರು. ಈರಮ್ಮನದು ಅಚ್ಚ ಕನ್ನಡ. ಚೆಂಡನ್ನು ಪಕ್ಕದವಳಿಗೆ ಕೊಟ್ಟು, ಉಳಿದ ವಾಕ್ಯಕ್ಕಾಗಿ ಕಾದು ನಿಲ್ಲುತ್ತಿದ್ದಳು.

“ಕೊಟ್ಟು ಏನ್ ಮಾಡ್ಲಿ, ಸರ್?”

“ಕೊಟ್ಟು ನನ್ನ ತಲಿ ಮ್ಯಾಲ ಕುಂದರು!”

ಆದರೆ ನೋಡಿ, ಯಾರು ಹೊಡೆಯುತ್ತಾರೆ, ಯಾರು ಕೊಡುತ್ತಾರೆ ಎಂದು ಎದುರಾಳಿಗಳಿಗೆ ತಿಳಿಯದೆ ಮಾವನ ತಂಡ ಗೆಲ್ಲತೊಡಗಿತು! ಈರಮ್ಮ ಕೊಡಲಿ, ಉಳಿದವರು ಹೊಡೆಯಲಿ ಎಂದು ಮಾವ ಅದನ್ನೇ ತಂತ್ರವೆಂದು ಸಾರಿಬಿಟ್ಟರು.

“ಏನ್ರಿ, ಅಕಿಗೂ ಒಮ್ಮೊಮ್ಮೆ ಹೊಡ್ಯಾಕ ಹೇಳಬಾರದಾ? ಕನ್ನಡದಾಗ?” ಎಂದು ಅತ್ತೆ ಕೇಳಿದರೆ, “ಗೆಲ್ಲಾಕ ಹತ್ತೀವಲ್ಲ, ಬಿಡು” ಎನ್ನುತ್ತಿದ್ದರು.

ಕಡೆಗೊಮ್ಮೆ ದೂರದ ಊರಿನಲ್ಲಿ ದೇಶದ ತಂಡದ ಆಯ್ಕೆ ಶಿಬಿರ ನಡೆಯಿತು. ಈರಮ್ಮನಿಗೂ ಕರೆ ಬಂತು, ಮಾವನಿಗೂ ಬಂತು. ಒಂದು ಪಂದ್ಯಕ್ಕೆ ಅರ್ಧ ಹುಡುಗಿಯರನ್ನು ಅವರ ಕೈಗೆ ಕೊಟ್ಟು ನೋಡುವುದು, ಒಪ್ಪಿಗೆಯಾದರೆ ಕೋಚ್ ಮಾಡುವುದು. ಮಾವ ಕೋಟು ಹೊಲಿಸಿ, ರೂಢಿಯಾಗಲೆಂದು ಏಪ್ರಿಲ್ ಬಿಸಿಲಲ್ಲೇ ತೊಟ್ಟು ಓಡಾಡಿದರು. ಬಳ್ಳಾರಿಯಲ್ಲಿ ಅಂಥವರನ್ನು ಕಂಡು ಯಾರೂ ನಗುವುದಿಲ್ಲ. ನೆರಳಲ್ಲಿ ಕೂರಿಸಿ ನೀರು ಕೊಡುತ್ತಾರೆ.

ಮುಂದಿನದನ್ನು ನಮಗೆ ಹೇಳಿದವಳು ಈರಮ್ಮ. ಪಂದ್ಯ ಮುಗಿಯುವ ಹೊತ್ತು. ಆಕೆಯ ಕಾಲಲ್ಲಿ ಚೆಂಡು, ಎದುರಿಗೆ ತೆರೆದ ಗೋಲು. ಹೊಡೆಯಲು ಕಾಲೆತ್ತಿದ್ದಾಳೆ. ಕೋಟಿನ ಮಾವ ಕುಣಿದು ಕೂಗಿದರು: “ಕೊಟ್ಟು! ಕೊಟ್ಟು!”

ಈರಮ್ಮ ಕೊಟ್ಟಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಗೋಲಿನೆದುರು ಕಾಲು ನಡುಗುವ ಹುಡುಗಿ ನಮಗೆ ಬೇಡ ಎಂದರು, ಕನ್ನಡವೂ ತೆಲುಗೂ ಬಾರದ ಆಯ್ಕೆಗಾರರು. ಮಾವ ಎದ್ದು ನಿಂತರು. ಬೈಗುಳವಿಲ್ಲದ ಉರ್ದು ಅವರ ಬಾಯಲ್ಲಿ ಅಂದೇ ಮೊದಲು ಬಂದಿರಬೇಕು. “ಅವಳು ಹೊಡೆಯುವವಳೇ ಇದ್ದಳು. ಪಕ್ಕಕ್ಕೆ ಕೊಡು ಎಂದು ಕೂಗಿದವನು ನಾನು. ಅವಳು ಮಾತು ಕೇಳಿದಳು, ಅಷ್ಟೇ.”

ತೆರೆದ ಗೋಲಿದ್ದಾಗ ಪಾಸ್ ಕೊಡು ಎನ್ನುವ ಕೋಚ್‌ನನ್ನು ಆಯ್ಕೆಗಾರರು ದಿಟ್ಟಿಸಿ ನೋಡಿದರಂತೆ. ಒಬ್ಬರು ನಕ್ಕರಂತೆ.

ಊರಿಗೆ ಬಂದ ಮೇಲೆ ಈರಮ್ಮ ಅತ್ತೆಯ ಅಡುಗೆಮನೆಯಲ್ಲಿ ಕೂತು ಅತ್ತಳು. “ನೀವು ಹೊಡಿ ಅಂತನಽ ಅಂದಿದ್ರಿ ಸರ್. ನನಗ ಆಮ್ಯಾಲ ತಿಳೀತು. ಸುಳ್ಳು ಯಾಕ ಹೇಳಿದ್ರಿ?”

ಮಾವ ಕೋಟನ್ನು ಮಡಿಚುತ್ತಿದ್ದರು. “ನಿನಗ ತಿಳಿಯೋ ಮಾತಿನಾಗ ಹೇಳಿದ್ನೇನವ್ವಾ, ನಾನು?”

ಈರಮ್ಮ ದೇಶದ ತಂಡದಲ್ಲಿ ಆಡಿದಳು. ಆ ತಂಡಕ್ಕೆ ಬೇರೊಬ್ಬರು ಕೋಚ್ ಆದರು.